ಕಾಲು ಅಳತೆಯ ಪುಷ್ಪಕ: ಬಲ ರೆಕ್ಕೆ ತಿರುಚಿಕೊಂಡಿದೆ, ಬಿಚ್ಚಿ ಸರಿಪಡಿಸಲೋ, ಹೊಸದಾಗಿ ಕಟ್ಟಲೋ?

ಪ್ರಶ್ನೆ ಕೇಳಿದವರು: ಜಕ್ಕೂರಿನ ಬೇಲಿ

ಎಲ್ಲರಿಗೂ ನಮಸ್ಕಾರ.

ಕಳೆದ ಒಂದೂವರೆ ವರ್ಷದಿಂದ ಮನೆಯ ಮಹಡಿ ಕೋಣೆಯಲ್ಲಿ ಎಚ್‌ಎಎಲ್ ಪುಷ್ಪಕ ವಿಮಾನದ ಕಾಲು ಅಳತೆಯ (ನಿಜದ ನಾಲ್ಕನೇ ಒಂದು ಪಾಲು) ರೇಡಿಯೊ ನಿಯಂತ್ರಿತ ಮಾದರಿಯೊಂದನ್ನು ಪೂರ್ತಿ ಮರದಲ್ಲೇ ಕಟ್ಟುತ್ತಿದ್ದೇನೆ. ಇದಕ್ಕೆ ಮೊದಲು ಫೋಮಿನಲ್ಲಿ ನಾಲ್ಕೈದು ಚಿಕ್ಕ ವಿಮಾನಗಳನ್ನು ಮಾಡಿ ಹಾರಿಸಿದ್ದೇನೆಯೇ ಹೊರತು, ಇಷ್ಟು ದೊಡ್ಡ ಮರದ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು. ಪುಷ್ಪಕವನ್ನೇ ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. 1958ರಲ್ಲಿ ಮೊದಲ ಬಾರಿ ಹಾರಿದ ಆ ವಿಮಾನ ನಮ್ಮ ಬೆಂಗಳೂರಿನಲ್ಲೇ ತಯಾರಾದದ್ದು. ಚಿಕ್ಕಂದಿನಲ್ಲಿ ಜಕ್ಕೂರು ಏರೋಡ್ರೋಮಿನ ಬೇಲಿಗೆ ಆತುಕೊಂಡು ಅದು ಏಳುವುದನ್ನೂ ಇಳಿಯುವುದನ್ನೂ ನೋಡಿದ ನೆನಪು ಇನ್ನೂ ಹೋಗಿಲ್ಲ.

ಮಾದರಿಯ ರೆಕ್ಕೆ ತುದಿಯಿಂದ ತುದಿಗೆ 2.74 ಮೀಟರ್, ರೆಕ್ಕೆಯ ಅಗಲ 37 ಸೆಂ.ಮೀ. ಎಡ ಬಲ ಎರಡು ಭಾಗಗಳಾಗಿ ಕಟ್ಟಿದ್ದೇನೆ, ಪ್ರತಿಯೊಂದೂ 1.3 ಮೀಟರ್ ಉದ್ದವಿದ್ದು, ನಡುವಿನ ತುಂಡು ಒಡಲಿನ ಮೇಲೆ ಕೂರುತ್ತದೆ. ರಿಬ್‌ಗಳು (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳು) ಬಾಲ್ಸಾ ಎಂಬ ಹಗುರ ಮರದವು, ಮೇಲಿನ ಮತ್ತು ಕೆಳಗಿನ ಸ್ಪಾರ್‌ಗಳು (ರೆಕ್ಕೆಯ ಉದ್ದಕ್ಕೂ ಓಡುವ ತೊಲೆಗಳು) 6×12 ಮಿ.ಮೀ. ಪೈನ್ ಪಟ್ಟಿಗಳು, ಸ್ಪಾರಿನಿಂದ ಮುಂದಿನ ಭಾಗಕ್ಕೆ ಮೇಲೂ ಕೆಳಗೂ 1.5 ಮಿ.ಮೀ. ಬಾಲ್ಸಾ ಹಾಳೆಯ ಶೀಟಿಂಗ್ ಹಾಕಿದ್ದೇನೆ. ನಕ್ಷೆಯ ಪ್ರಕಾರ ತುದಿಯಲ್ಲಿ 2 ಡಿಗ್ರಿ ವಾಶ್‌ಔಟ್ (ತುದಿಯತ್ತ ರೆಕ್ಕೆಯ ಕೋನವನ್ನು ತಗ್ಗಿಸುವ ತಿರುಚು) ಬೇಕಿತ್ತು, ಅಂದರೆ ತುದಿಯ ರಿಬ್ಬಿನ ಹಿಂಬದಿಯ ಅಂಚು ಹಲಗೆಯಿಂದ 13 ಮಿ.ಮೀ. ಮೇಲಕ್ಕೆ ಇರಬೇಕು. ಕಟ್ಟುವಾಗ ಎರಡೂ ಭಾಗಗಳಿಗೆ ಅಷ್ಟೇ ಎತ್ತರದ ಬೆಣೆ ಇಟ್ಟಿದ್ದೆ. ಈಗ ಅಳೆದರೆ ಎಡ ಭಾಗ 14 ತೋರಿಸುತ್ತಿದೆ, ಬಲ ಭಾಗ ಬರೀ 4.

ಎಡ ಭಾಗವನ್ನು ಮಾರ್ಚ್ ತಿಂಗಳಲ್ಲಿ ಕ್ಷಣದಲ್ಲಿ ಹಿಡಿಯುವ ಸೈನೊ ಅಂಟಿನಿಂದ ಕಟ್ಟಿದ್ದೆ. ಸೈನೊ ವಾಸನೆಗೆ ಮನೆಯವರೆಲ್ಲ ಕಣ್ಣು ಉಜ್ಜಿಕೊಳ್ಳತೊಡಗಿದ್ದರಿಂದ ಬಲ ಭಾಗವನ್ನು ಜುಲೈನಲ್ಲಿ, ಬಡಗಿಗಳು ಬಳಸುವ ಬಿಳಿ ಗೋಂದಿನಿಂದ ಕಟ್ಟಿದೆ. ಶೀಟಿಂಗ್ ಅಂಟಿಸಿದ ಮರುದಿನ ಬೆಳಗ್ಗೆ ಹಲಗೆಯಿಂದ ಎತ್ತಿ ಗೋಡೆಗೆ ಒರಗಿಸಿಟ್ಟೆ. ಕೆಲಸದ ಹಲಗೆಯೆಂದರೆ ಮನೆ ಕಟ್ಟಿಸಿದಾಗ ಉಳಿದಿದ್ದ ಒಂದು ಫ್ಲಶ್ ಡೋರ್, 2 ಮೀಟರ್ ಉದ್ದ, 75 ಸೆಂ.ಮೀ. ಅಗಲ.

ಇಷ್ಟು ವ್ಯತ್ಯಾಸವನ್ನು ಏಲರಾನ್ ಟ್ರಿಮ್‌ನಲ್ಲೇ (ರೆಕ್ಕೆಯ ಹಿಂಬದಿಯಲ್ಲಿ ವಿಮಾನವನ್ನು ಎಡ ಬಲಕ್ಕೆ ವಾಲಿಸುವ ಪಟ್ಟಿಗಳನ್ನು ತುಸು ಓರೆಯಾಗಿ ನಿಲ್ಲಿಸಿ) ಸರಿದೂಗಿಸಿ ಹಾರಿಸಬಹುದೇ? ಆಗದಿದ್ದರೆ ಈ ಭಾಗವನ್ನು ಉಳಿಸಿಕೊಳ್ಳುವ ದಾರಿ ಇದೆಯೇ, ಇಲ್ಲವೇ ಹೊಸದಾಗಿ ಕಟ್ಟಬೇಕೇ? ಬಿಸಿ ನೀರಿನ ಹಬೆ ಹಿಡಿದು ಕೈಯಿಂದ ತಿರುಚಿ ನೋಡಿದೆ. ಬಿಟ್ಟ ಕೂಡಲೇ ಹಳೆಯ ಸ್ಥಿತಿಗೇ ಮರಳುತ್ತದೆ. ತೂಕದ ಲೆಕ್ಕವನ್ನೂ ಕೊಡುತ್ತೇನೆ: ಎಡ ಭಾಗ 690 ಗ್ರಾಂ, ಬಲ ಭಾಗ 760 ಗ್ರಾಂ, ಬರಿಯ ಒಡಲು 1,650 ಗ್ರಾಂ, ಬಾಲದ ಭಾಗಗಳೆಲ್ಲ ಸೇರಿ 410 ಗ್ರಾಂ. 35 ಸಿ.ಸಿ. ಪೆಟ್ರೋಲ್ ಎಂಜಿನ್ ಕೂರಿಸುವ ಯೋಚನೆಯಿದೆ. ಒಟ್ಟು ತೂಕ 8 ಕೆ.ಜಿ. ಒಳಗೆ ಇರಲಿ ಎಂದುಕೊಂಡಿದ್ದೆ, ಈಗ ನಂಬಿಕೆ ಸಾಲದು.

ಉತ್ತರ 1: ರಸಮಟ್ಟ

ಟ್ರಿಮ್‌ನ ವಿಷಯವನ್ನು ಮೊದಲು ಮುಗಿಸೋಣ. 37 ಸೆಂ.ಮೀ. ಅಗಲದಲ್ಲಿ 10 ಮಿ.ಮೀ. ವ್ಯತ್ಯಾಸವೆಂದರೆ ಎರಡು ತುದಿಗಳ ನಡುವೆ ಸುಮಾರು ಒಂದೂವರೆ ಡಿಗ್ರಿ. ಬಲ ತುದಿ ಎಡಕ್ಕಿಂತ ಅಷ್ಟು ಹೆಚ್ಚು ಕೋನದಲ್ಲಿ ಗಾಳಿಯನ್ನು ಎದುರಿಸುವುದರಿಂದ ಸಾಮಾನ್ಯ ವೇಗದಲ್ಲಿ ಬಲ ರೆಕ್ಕೆ ಹೆಚ್ಚು ಎತ್ತಿ ವಿಮಾನ ಎಡಕ್ಕೆ ವಾಲುತ್ತದೆ. ನಾಲ್ಕು ಕ್ಲಿಕ್ ಬಲ ಟ್ರಿಮ್ ಕೊಟ್ಟರೆ ಅದು ನೇರವಾಗಿ ಹಾರುವುದೂ ನಿಜ, ನಿಮಗೆ ಸಮಾಧಾನವಾಗುವುದೂ ನಿಜ. ತೊಂದರೆ ಇರುವುದು ಇಳಿಯುವಾಗ. ವೇಗ ಕಡಿಮೆಯಾಗಿ ಮೂಗು ಮೇಲೆದ್ದಂತೆ, ವಾಶ್‌ಔಟ್ ಕಡಿಮೆಯಿರುವ ಬಲ ತುದಿ ಸ್ಟಾಲ್ ಕೋನವನ್ನು (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಕೋನವನ್ನು) ಮೊದಲು ಮುಟ್ಟುತ್ತದೆ. ಇನ್ನೊಂದು ಕಡೆ ಟ್ರಿಮ್‌ಗಾಗಿ ಕೆಳಗಿಳಿದು ನಿಂತಿರುವ ಎಡ ಏಲರಾನ್ ಕೂಡ ತನ್ನ ತುದಿ ಸ್ಟಾಲ್ ಆಗಲು ಉಳಿದಿರುವ ಅಂತರವನ್ನು ಕಿರಿದು ಮಾಡಿರುತ್ತದೆ. ಯಾವ ರೆಕ್ಕೆ ಬೀಳುತ್ತದೆ ಎಂದು ಹೇಳಲಾಗದು, ಆದರೆ ಎರಡರಲ್ಲಿ ಒಂದು ಬೀಳುತ್ತದೆ, ಅದೂ ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ. ವಾಶ್‌ಔಟ್ ಇಡುವುದೇ ತುದಿಗಿಂತ ಮೊದಲು ಬುಡ ಸ್ಟಾಲ್ ಆಗಲಿ, ಏಲರಾನ್ ಕೊನೆಯವರೆಗೂ ಕೆಲಸ ಮಾಡಲಿ ಎಂದು. ಆದ್ದರಿಂದ ಹೀಗೇ ಹಾರಿಸಬೇಡಿ.

ಹಬೆ ಏಕೆ ಕೆಲಸ ಮಾಡಲಿಲ್ಲವೆಂದು ತಿಳಿದರೆ ಪರಿಹಾರವೂ ಹೊಳೆಯುತ್ತದೆ. ಊದುಬತ್ತಿ ಬರುವ ರಟ್ಟಿನ ಕೊಳವೆಯೊಂದನ್ನು ತೆಗೆದುಕೊಂಡು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ, ಕದಲುವುದಿಲ್ಲ. ಅದನ್ನೇ ಬ್ಲೇಡಿನಿಂದ ಉದ್ದಕ್ಕೆ ಒಂದು ಗೀರು ಸೀಳಿ ತಿರುಚಿ, ಬಟ್ಟೆಯಂತೆ ತಿರುಗುತ್ತದೆ. ನಿಮ್ಮ ರೆಕ್ಕೆಯ ಮುಂಭಾಗ, ಅಂದರೆ ಮೇಲಿನ ಹಾಳೆ, ಕೆಳಗಿನ ಹಾಳೆ, ಎರಡು ಸ್ಪಾರ್‌ಗಳನ್ನು ಬೆಸೆಯುವ ತೆಳು ಮರದ ಗೋಡೆಯಾದ ಶಿಯರ್ ವೆಬ್, ಈ ಮೂರೂ ಸೇರಿ ಮುಚ್ಚಿದ ಕೊಳವೆಯೇ. ತಿರುಚಿದ ಸ್ಥಿತಿಯಲ್ಲಿ ಮುಚ್ಚಿದಿರಾದರೆ ಆ ತಿರುಚನ್ನು ಬೀಗ ಹಾಕಿಟ್ಟಂತೆಯೇ. ಹೊರಗಿನಿಂದ ಹಬೆ ಹಿಡಿದರೆ ಹಾಳೆ ಮೆತ್ತಗಾದೀತೇ ಹೊರತು ಬೀಗ ತೆರೆಯುವುದಿಲ್ಲ.

ಹಾಗಾಗಿ ಕೊಳವೆಯನ್ನು ಸೀಳಬೇಕು. ಕೆಳಗಿನ ಶೀಟಿಂಗ್ ಕೆಳ ಸ್ಪಾರಿನ ಮೇಲೆ ಕೂರುವ ಜಾಗದಲ್ಲಿ, ಸ್ಪಾರಿನ ಮುಂದಿನ ಅಂಚಿಗೆ ಉಕ್ಕಿನ ಸ್ಕೇಲ್ ಇಟ್ಟು, ಹೊಸ ಬ್ಲೇಡಿನಿಂದ ಬುಡದಿಂದ ತುದಿಯವರೆಗೆ ಸೀಳಿ. ಒಂದೇ ಸಲಕ್ಕೆ ಕೊಯ್ಯಲು ಹೋಗದೆ ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ, ಸ್ಪಾರಿನ ಮರಕ್ಕೆ ಬ್ಲೇಡು ತಾಗಬಾರದು. ಪ್ರತಿ ರಿಬ್ಬಿನ ಮೇಲೂ ಹಾಳೆಯ ಅಂಟನ್ನು ಸ್ಪಾರಿನ ಹತ್ತಿರದ 3 ಸೆಂ.ಮೀ. ಮಾತ್ರ ತೆಳು ಬ್ಲೇಡಿನಿಂದ ಬಿಡಿಸಿ. ಈಗ ರೆಕ್ಕೆ ಕೈಮಾತು ಕೇಳುತ್ತದೆ. ಹಲಗೆಯ ಮೇಲೆ ಗುಂಡುಸೂಜಿ ಮತ್ತು ಭಾರಗಳಿಂದ ಕೂರಿಸಿ, ತುದಿಯ ಹಿಂಬದಿಯ ಅಂಚಿಗೆ 15 ಮಿ.ಮೀ. ಬೆಣೆ ಕೊಡಿ, ಭಾರ ತೆಗೆದ ಮೇಲೆ ಒಂದೆರಡು ಮಿ.ಮೀ. ಹಿಂದೆ ಬರುವುದು ಸಹಜ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ ಹಾಳೆಯನ್ನು ಮತ್ತೆ ಸ್ಪಾರಿಗೆ ಒತ್ತಿ 24 ಗಂಟೆ ಬಿಡಿ. ಸೀಳಿನ ಗೆರೆಯನ್ನು ಮುಚ್ಚಲು ಒಳಗಡೆಯಿಂದ ತೆಳು ಬಾಲ್ಸಾ ಪಟ್ಟಿ ಅಂಟಿಸುವುದಾದರೆ ಭಾರ ಹೇರುವ ಮೊದಲೇ ಅದನ್ನು ಒಳಗೆ ಸೇರಿಸಿಕೊಳ್ಳಿ.

ಆದರೆ ಬ್ಲೇಡು ಹಿಡಿಯುವ ಮುನ್ನ ನಿಮ್ಮ ಹಲಗೆಯನ್ನು ಪರೀಕ್ಷಿಸಿ. ನನಗೆ ಅನುಮಾನ ಹುಟ್ಟಿಸಿದ್ದು ಬಲಗಡೆಯ 4 ಅಲ್ಲ, ಎಡಗಡೆಯ 14. ಎರಡು ಭಾಗಗಳ ಬುಡವನ್ನೂ ಹಲಗೆಯ ಒಂದೇ ಕೊನೆಗೆ ಇಟ್ಟು ಕಟ್ಟಿದ್ದರೆ ಒಂದರ ಮೂಗಂಚು (ಮುಂದಿನ ಅಂಚು) ಹಲಗೆಯ ಈ ಬದಿಗೆ, ಇನ್ನೊಂದರದು ಆ ಬದಿಗೆ ಬಂದಿರುತ್ತದೆ. ಹಲಗೆಯೇ ತಿರುಚಿದ್ದರೆ ಅದು ಒಂದು ಭಾಗಕ್ಕೆ ವಾಶ್‌ಔಟ್ ಸೇರಿಸಿ ಇನ್ನೊಂದರಿಂದ ಅಷ್ಟನ್ನೇ ಕಳೆಯುತ್ತದೆ. ಪರೀಕ್ಷೆ ಸುಲಭ. ನಾಲ್ಕು ಮೂಲೆಗೂ ಒಂದೇ ದಪ್ಪದ ಚಿಕ್ಕ ತುಂಡುಗಳನ್ನಿಟ್ಟು, ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಅವು ಒಂದನ್ನೊಂದು ಸೋಕಬೇಕು. ಕೆಳಗಿನ ದಾರ ಮೇಲಿನದಕ್ಕೆ ತಾಗಿಯೂ ತಾಗದಂತೆ ಕಂಡರೆ ದಾರಗಳನ್ನು ಅದಲುಬದಲು ಮಾಡಿ, ಅಂದರೆ ಮೇಲಿನದನ್ನು ಕೆಳಗೆ ಹಾಕಿ, ಮತ್ತೊಮ್ಮೆ ನೋಡಿ.

ಉತ್ತರ 2: ಹಳೇ ಗ್ಲೈಡರ್

ರಸಮಟ್ಟ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ನನ್ನ ಮಾತು ಹೊಸದಾಗಿ ಕಟ್ಟಿ ಎಂದೇ. ಒಂದೇ ನಕ್ಷೆಯ ಎರಡು ಭಾಗಗಳ ನಡುವೆ 70 ಗ್ರಾಂ ಅಂತರವಿದೆಯೆಂದರೆ ಬಲಗಡೆಗೆ ಗಡಸು ಹಾಳೆಗಳು ಬಿದ್ದಿವೆ, ಗೋಂದು ಹೆಚ್ಚಾಗಿದೆ, ಮರ ನೀರನ್ನೂ ಕುಡಿದಿದೆ. ಬಿಳಿ ಗೋಂದಿನಲ್ಲಿ ನೀರಿನಂಶ ಹೆಚ್ಚು. ಹಾಳೆಯ ಒಳಮೈಗೆ ಹಚ್ಚಿದಾಗ ಆ ಮೈ ಉಬ್ಬುತ್ತದೆ, ಒಣಗುವಾಗ ಕುಗ್ಗಿ ಎಳೆಯುತ್ತದೆ. ಬೇಸಗೆಯಲ್ಲಿ ಒಂದು ರಾತ್ರಿಗೆ ಒಣಗುವ ಅಂಟು ಜುಲೈನ ತೇವದಲ್ಲಿ ಎರಡು ದಿನವಾದರೂ ಒಳಗೆ ಹಸಿಯಾಗಿರುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತೆಯೇ ಕಾಣುತ್ತದೆ. ನೀವು ಬೆಳಗ್ಗೆ ಎತ್ತಿ ಗೋಡೆಗೆ ಒರಗಿಸಿದ ಹೊತ್ತಿಗೆ ಅದರ ಎಳೆದಾಟ ಇನ್ನೂ ನಡೆದಿತ್ತು, ತಡೆಯುವ ಹಲಗೆ ಮಾತ್ರ ಇರಲಿಲ್ಲ.

ನಾವು ಹುಡುಗರಾಗಿದ್ದಾಗ ರೆಕ್ಕೆಗೆ ತೆಳು ರೇಷ್ಮೆ ಹೊದಿಸಿ ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ಮೆರುಗೆಣ್ಣೆ) ಬಳಿಯುತ್ತಿದ್ದೆವು. ಬೆಂಗಳೂರಿನಲ್ಲಿ ರೇಷ್ಮೆಗೆ ಬರವಿರಲಿಲ್ಲ, ಡೋಪ್‌ಗೆ ಮಾತ್ರ ಪರದಾಟ. ಡೋಪ್ ಒಣಗುತ್ತ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆಂದು ಪ್ರತಿ ಕೋಟ್ ಬಳಿದ ಮೇಲೂ ರೆಕ್ಕೆಯನ್ನು ಹಲಗೆಗೆ ಸೂಜಿ ಹೊಡೆದು ಬಿಗಿಯುತ್ತಿದ್ದೆವು. ಒಮ್ಮೆ ಆತುರಪಟ್ಟು ಮೂರೇ ದಿನಕ್ಕೆ ತೆಗೆದ ಎರಡು ಮೀಟರ್ ಗ್ಲೈಡರಿನ ರೆಕ್ಕೆ ನಿಮ್ಮದರಂತೆಯೇ ತಿರುಚಿಕೊಂಡಿತು. ಟ್ರಿಮ್ ಕೊಟ್ಟು ಹಾರಿಸಿದೆ. ಆರು ಸಲ ಚೆನ್ನಾಗಿ ಇಳಿಯಿತು. ಏಳನೆಯ ಸಲ, ಎದುರುಗಾಳಿ ತಟ್ಟನೆ ನಿಂತ ಗಳಿಗೆಯಲ್ಲಿ, ಬಲ ರೆಕ್ಕೆ ಬಾಗಿಲು ಮುಚ್ಚಿದಂತೆ ಕೆಳಗೆ ಬಿತ್ತು. ಉಳಿದದ್ದು ಬಾಲ ಮತ್ತು ರಿಸೀವರ್.

ಬಿಚ್ಚುವುದೇ ಎಂದು ನೀವು ತೀರ್ಮಾನಿಸಿದರೆ ಒಂದು ಷರತ್ತು. ಸೀಳಿದ ಮೇಲೆ ಟಾರ್ಚ್ ಹಿಡಿದು ಒಳಗಿನ ಶಿಯರ್ ವೆಬ್‌ಗಳನ್ನು ಒಂದೊಂದಾಗಿ ನೋಡಿ. ಅವುಗಳ ಎಳೆ ಸ್ಪಾರಿನಿಂದ ಸ್ಪಾರಿಗೆ, ನೆಟ್ಟಗೆ ಮೇಲಿನಿಂದ ಕೆಳಕ್ಕೆ ಓಡಿರಬೇಕು. ಎಳೆ ಅಡ್ಡಲಾಗಿದ್ದರೆ, ರೆಕ್ಕೆ ಬಾಗಿದಾಗ ಎರಡು ಸ್ಪಾರ್‌ಗಳು ಒಂದರತ್ತ ಒಂದು ಕುಸಿಯಲು ನೋಡುವಾಗ ಆ ವೆಬ್ ಎಳೆಗುಂಟ ಸೀಳಿಹೋಗುತ್ತದೆ. ಸ್ಟ್ರಟ್ (ಒಡಲಿನಿಂದ ರೆಕ್ಕೆಗೆ ಕೊಡುವ ಆಸರೆ ಕಂಬಿ) ಹಿಡಿದಿದೆಯಲ್ಲ ಎಂದು ಉಪೇಕ್ಷಿಸಬೇಡಿ, ಸ್ಟ್ರಟ್‌ನಿಂದ ಆಚೆಗಿನ ರೆಕ್ಕೆಯನ್ನು ಹೊರುವುದು ಸ್ಪಾರೇ. ಎಳೆ ಅಡ್ಡಲಿರುವ ವೆಬ್ ಒಂದು ಕಂಡರೂ ಆ ಭಾಗವನ್ನು ಒಲೆಗೆ ಹಾಕಿ.

ಉತ್ತರ 3: ತಕ್ಕಡಿ

ತಿರುಚಿನ ಬಗ್ಗೆ ಹಿರಿಯರಿಬ್ಬರೂ ಹೇಳಿದ್ದಾರೆ, ನಾನು ತೂಕದ ಬಗ್ಗೆ ಮಾತ್ರ ಹೇಳುತ್ತೇನೆ. ನನ್ನ ಕಣ್ಣಿಗೆ ರೆಕ್ಕೆಯ 70 ಗ್ರಾಂಗಿಂತ ಬಾಲದ 410 ಗ್ರಾಂ ಹೆಚ್ಚು ಚುಚ್ಚಿತು. ಈ ಅಳತೆಗೆ 280 ಗ್ರಾಂ ಸಾಕು. ಹೆಚ್ಚುವರಿ 130 ಗ್ರಾಂ ಬಾಲದಲ್ಲಿ ಕೂತರೆ ಅಷ್ಟಕ್ಕೇ ಮುಗಿಯುವುದಿಲ್ಲ. ಗುರುತ್ವ ಕೇಂದ್ರದಿಂದ ಬಾಲ ಸುಮಾರು 1.15 ಮೀಟರ್ ಹಿಂದೆ, ಎಂಜಿನ್ ಕೂರುವ ಗೋಡೆ 42 ಸೆಂ.ಮೀ. ಮುಂದೆ ಇದೆಯೆಂದು ಹಿಡಿದರೆ, ಆ 130 ಗ್ರಾಂ ಅನ್ನು ತೂಗಿಸಲು ಮೂಗಿನಲ್ಲಿ 350 ಗ್ರಾಂಗೂ ಹೆಚ್ಚು ಸೀಸ ಬೇಕು. ಒಟ್ಟು ಅರ್ಧ ಕೆ.ಜಿ. ದಂಡ. ಬಾಲಕ್ಕೆ ಪ್ಲೈವುಡ್ ಬಳಸಿದ್ದರೆ ಹಿಂಜ್ ಮತ್ತು ಕಂಟ್ರೋಲ್ ಹಾರ್ನ್ (ಚಲಿಸುವ ಪಟ್ಟಿಯನ್ನು ಎಳೆಯುವ ಹಿಡಿ) ಕೂರುವ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಬಾಲ್ಸಾ ಕಡ್ಡಿಗಳ ಚೌಕಟ್ಟಾಗಿ ಬದಲಾಯಿಸಿ. ಇಲ್ಲಿ ಹೊಸದಾಗಿ ಕಟ್ಟುವುದು ನಾಲ್ಕು ಸಂಜೆಯ ಕೆಲಸ, ರೆಕ್ಕೆಯಂತೆ ನಲವತ್ತರದ್ದಲ್ಲ.

ಬಾಲ್ಸಾ ಕೊಳ್ಳುವಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. 1.5 ಮಿ.ಮೀ. ದಪ್ಪ, 100 ಮಿ.ಮೀ. ಅಗಲ, 915 ಮಿ.ಮೀ. ಉದ್ದದ ಹಾಳೆ ಹಗುರವಾದದ್ದಾದರೆ 14 ಗ್ರಾಂ, ಮಧ್ಯಮವಾದರೆ 22 ಗ್ರಾಂ, ಗಡಸಾದರೆ 30 ಗ್ರಾಂ ತೂಗುತ್ತದೆ. ಮೂರಕ್ಕೂ ಬೆಲೆ ಒಂದೇ, ನೋಟವೂ ಒಂದೇ. ನನ್ನ ಮೇಜಿನ ಮೇಲೆ ಪ್ರತಿ ಹಾಳೆಯ ಮೂಲೆಯಲ್ಲಿ ಅದರ ತೂಕವನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟಿರುತ್ತೇನೆ: ಹಗುರವಾದದ್ದು ಬಾಲಕ್ಕೆ ಮತ್ತು ರೆಕ್ಕೆಯ ತುದಿಗೆ, ಮಧ್ಯಮವಾದದ್ದು ರಿಬ್‌ಗೆ ಮತ್ತು ಶೀಟಿಂಗ್‌ಗೆ, ಗಡಸಾದದ್ದು ಒಡಲಿನ ಮುಂಭಾಗಕ್ಕೆ. ಬಾಲ್ಸಾ ದುಬಾರಿಯೆಂದು ಚನ್ನಪಟ್ಟಣದ ಗೊಂಬೆಗಳ ಆಲೆ ಮರವನ್ನು ಬಳಸಲು ಹೊರಟವರೊಬ್ಬರನ್ನು ನೋಡಿದ್ದೇನೆ. ಕಡೆತಕ್ಕೆ ಬೆಣ್ಣೆಯಂಥ ಮರ, ಚಕ್ರದ ಗುಂಭಕ್ಕೆ ಒಪ್ಪುತ್ತದೆ, ರೆಕ್ಕೆಗಲ್ಲ.

ನಮ್ಮ ಊರಿನಲ್ಲಿ ತೂಕ ಇನ್ನಷ್ಟು ದುಬಾರಿಯಾಗುವುದಕ್ಕೆ ಕಾರಣವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ 32 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು ನೂರಕ್ಕೆ 15ರಷ್ಟು ಕಡಿಮೆ. ರೆಕ್ಕೆಗೂ ಪ್ರೊಪೆಲ್ಲರಿಗೂ ಎಂಜಿನ್ನಿಗೂ ಅಷ್ಟು ಗಾಳಿ ಕಡಿಮೆ ಸಿಗುತ್ತದೆ. ನಿಮ್ಮ ರೆಕ್ಕೆಯ ವಿಸ್ತೀರ್ಣ 1 ಚದರ ಮೀಟರ್. ಅಂಥ ಗಾಳಿಯಲ್ಲಿ 8 ಕೆ.ಜಿ. ವಿಮಾನ ಗಂಟೆಗೆ ಸುಮಾರು 39 ಕಿ.ಮೀ. ವೇಗದಲ್ಲಿ ಸ್ಟಾಲ್ ಆದರೆ, 11 ಕೆ.ಜಿ.ಯದು 45ರಲ್ಲೇ ಸ್ಟಾಲ್ ಆಗುತ್ತದೆ. ಆರು ಕಿ.ಮೀ. ಏನು ಮಹಾ ಎನ್ನಿಸಬಹುದು, ಹೊಲದ ಬದುವಿನ ಕಡೆಗೆ ಇಳಿದು ಬರುವಾಗ ಗೊತ್ತಾಗುತ್ತದೆ.

ಹಾರಿಸುವ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮ್ಮ ಹೆಸರು ನೋಡಿ ಹೇಳುತ್ತಿದ್ದೇನೆ. 2021ರ ಡ್ರೋನ್ ನಿಯಮಗಳು ಮನರಂಜನೆಗಾಗಿ ಕಣ್ಣಳತೆಯೊಳಗೆ ಹಾರಿಸುವ, 25 ಕೆ.ಜಿ. ಮೀರದ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟ್‌ನಿಂದ (ವಿನ್ಯಾಸಕ್ಕೆ ಪಡೆಯಬೇಕಾದ ಪ್ರಮಾಣಪತ್ರ) ವಿನಾಯಿತಿ ಕೊಟ್ಟಿವೆ, ವಾಯುಪ್ರದೇಶದ ವಿನಾಯಿತಿಯನ್ನಲ್ಲ. ಜಕ್ಕೂರು, ಯಲಹಂಕ, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ, ಈ ನಾಲ್ಕರ ನಡುವೆ ಊರಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನಮಗೆ ಜಾಗವಿಲ್ಲವೆಂದೇ ತಿಳಿಯಿರಿ. ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಹಸಿರು ವಲಯ ನೋಡಿಕೊಂಡೇ ಮೈದಾನ ಆರಿಸಿ.

ಮರುಬರಹ: ಜಕ್ಕೂರಿನ ಬೇಲಿ

ಮೂವರಿಗೂ ಕೃತಜ್ಞತೆಗಳು. ದಾರದ ಪರೀಕ್ಷೆಯನ್ನು ಅದೇ ರಾತ್ರಿ ಮಾಡಿದೆ. ನಡುವೆ ಎರಡು ದಾರಗಳ ಅಂತರ 3 ಮಿ.ಮೀ. ಬಂತು, ಅಂದರೆ ಒಂದು ಮೂಲೆ ಉಳಿದ ಮೂರರ ಮಟ್ಟಕ್ಕಿಂತ 6 ಮಿ.ಮೀ. ಎತ್ತರದಲ್ಲಿದೆ. ರೆಕ್ಕೆಯ ಉದ್ದಗಲಕ್ಕೆ ಇಳಿಸಿ ಲೆಕ್ಕ ಹಾಕಿದರೆ ಹಲಗೆಯ ಪಾಲು ಸುಮಾರು 2 ಮಿ.ಮೀ. ಎಡ ಭಾಗಕ್ಕೆ ಅದು ಸೇರಿದೆ, ಬಲ ಭಾಗದಿಂದ ಕಳೆದಿದೆ. ಉಳಿದ 7 ಮಿ.ಮೀ. ಜುಲೈನ ಗೋಂದಿನದು. ಬಾಗಿಲನ್ನು ಎರಡು ಕಬ್ಬಿಣದ ಚೌಕ ಕೊಳವೆಗಳ ಮೇಲೆ ಕೂರಿಸಿ, ತಗ್ಗಿನ ಮೂಲೆಗಳ ಕೆಳಗೆ ರಟ್ಟಿನ ಚೂರುಗಳನ್ನು ಸೇರಿಸುತ್ತ ಹೋಗಿ, ಸ್ಕ್ರೂ ಬಿಗಿದೆ. ಈಗ ದಾರಗಳು ಸೋಕುತ್ತವೆ.

ರೆಕ್ಕೆಯನ್ನು ಮೊದಲು ಹತ್ತು ದಿನ ಒಣಗಲು ಬಿಟ್ಟೆ. ಹಾಸಿಗೆಯ ಹಾಗೆ ಮಟ್ಟವಾಗಿ, ಕೆಳಗೂ ಮೇಲೂ ಗಾಳಿ ಆಡುವಂತೆ, ಕೋಣೆಯಲ್ಲಿ 60 ವ್ಯಾಟಿನ ಬಲ್ಬ್ ಉರಿಸಿ. 760 ಇದ್ದದ್ದು 738 ಗ್ರಾಂಗೆ ಇಳಿಯಿತು. ಭಾನುವಾರ ಬೆಳಗ್ಗೆ ಸೀಳಿದೆ. ಬ್ಲೇಡು ನಾಲ್ಕನೆಯ ರಿಬ್ ದಾಟಿದ ಕೂಡಲೇ ಸೀಳಿನ ಎರಡು ಅಂಚುಗಳು ತಾವಾಗಿಯೇ ಒಂದರ ಪಕ್ಕ ಒಂದು ಸರಿದವು, ಒಳಗೆ ಹಿಡಿದಿಟ್ಟಿದ್ದ ಬಿಗಿ ಕಣ್ಣೆದುರೇ ಸಡಿಲಿದಂತೆ. ತುದಿ ಮುಟ್ಟುವಷ್ಟರಲ್ಲಿ ಮುಂದಿನ ಅಂಚು ಹಿಂದಿನದಕ್ಕಿಂತ ಎರಡು ಮಿ.ಮೀ. ಪಕ್ಕಕ್ಕೆ ಹೋಗಿತ್ತು.

ಹಳೇ ಗ್ಲೈಡರ್ ಅವರು ಹೇಳಿದಂತೆ ಟಾರ್ಚ್ ಹಿಡಿದು ನೋಡಿದೆ. ಎಳೆಗಳೆಲ್ಲ ನೆಟ್ಟಗೇ ಇವೆ, ಒಲೆಯ ಅಪಾಯ ತಪ್ಪಿತು. ಆದರೆ ಐದನೆಯ ಮತ್ತು ಆರನೆಯ ಅಂಕಣಗಳ (ರಿಬ್‌ಗಳ ನಡುವಿನ ಜಾಗಗಳ) ವೆಬ್‌ಗಳನ್ನು ಉಗುರಿನಿಂದ ಒತ್ತಿದಾಗ ಕೆಳಗಡೆ ಅಲುಗಾಡಿದವು. ಗೋಂದು ಪೈನ್ ಪಟ್ಟಿಗೆ ಕಚ್ಚಿಯೇ ಇರಲಿಲ್ಲ. ಸ್ಟ್ರಟ್ ಬಂದು ಸೇರುವ ಜಾಗ ಅದೇ. ಬಿಚ್ಚದೇ ಇದ್ದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಎರಡಕ್ಕೂ ಎಪಾಕ್ಸಿ ಹಾಕಿ, ಹಿಂದಿನಿಂದ ಇನ್ನೊಂದು ಪದರ ವೆಬ್ ಸೇರಿಸಿದೆ.

15 ಮಿ.ಮೀ. ಬೆಣೆಯ ಮೇಲೆ ಎರಡು ದಿನ ಬಿಟ್ಟು ನಿನ್ನೆ ಭಾರ ತೆಗೆದೆ. ಬಲ ಭಾಗ ಈಗ 13.5. ಎಡದ್ದು 14. ಬಾಲವನ್ನು ಹೊಸದಾಗಿ ಕಟ್ಟಲು ಹಾಳೆಗಳನ್ನು ತೂಗಿ ತಂದಿದ್ದೇನೆ. ತಕ್ಕಡಿ ತೆಗೆದಾಗ ಅಂಗಡಿಯವರು ನನ್ನ ಮುಖವನ್ನೇ ನೋಡಿದರು. ಇನ್ನೊಂದು ಅನುಮಾನ: ಕವರಿಂಗ್ ಫಿಲ್ಮ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಹೊದಿಕೆ) ಇಸ್ತ್ರಿ ಮಾಡುವಾಗ ಮತ್ತೆ ತಿರುಚುವ ಭಯವಿದೆಯೇ?

ಉತ್ತರ 4: ರಸಮಟ್ಟ

ಇದೆ, ಆದರೆ ನಿಮ್ಮ ಕೈಯಲ್ಲೇ ಇದೆ. ಮುಂಭಾಗ ಮುಚ್ಚಿದ ಕೊಳವೆಯಾದ್ದರಿಂದ ಫಿಲ್ಮ್‌ನ ಎಳೆತಕ್ಕೆ ಅದು ಸುಲಭವಾಗಿ ಜಗ್ಗುವುದಿಲ್ಲ, ಹಿಂಬದಿಯ ತೆರೆದ ಅಂಕಣಗಳು ಜಗ್ಗುತ್ತವೆ. ಕೆಳಮೈಯನ್ನು ಮೊದಲು ಹೊದಿಸಿ, ನಂತರ ಮೇಲ್ಮೈ, ಆದರೆ ಎರಡನ್ನೂ ಅಂಚುಗಳಲ್ಲಿ ಮಾತ್ರ ಅಂಟಿಸಿ ನಿಲ್ಲಿಸಿ. ಕುಗ್ಗಿಸುವ ಕೆಲಸವನ್ನು ಆಮೇಲೆ, ರೆಕ್ಕೆಯನ್ನು ಹಲಗೆಯ ಮೇಲೆ ಅದೇ ಬೆಣೆಯ ಸಮೇತ ಭಾರವಿಟ್ಟು ಕೂರಿಸಿ, ಮೇಲೆ ಸ್ವಲ್ಪ, ತಿರುಗಿಸಿ ಕೆಳಗೆ ಸ್ವಲ್ಪ ಎಂದು ಸರದಿಯಲ್ಲಿ ಮಾಡಿ. ತಿರುಗಿಸಿ ಇಟ್ಟಾಗ ಬೆಣೆ ಮೂಗಂಚಿನ ಕಡೆಗೆ ಬರಬೇಕು, ಮರೆಯಬೇಡಿ. ಒಂದೆರಡು ಮಿ.ಮೀ. ತಪ್ಪಿದರೆ ಸಹಾಯಕರೊಬ್ಬರು ತುದಿಯನ್ನು ಬೇಕಾದ ಕಡೆಗೆ ತಿರುಚಿ ಹಿಡಿದಿರಲಿ, ನೀವು ಬಿಸಿಗಾಳಿ ಹಾಯಿಸಿ, ತಣ್ಣಗಾದ ಮೇಲೆ ಬಿಡಲಿ. ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರಿನಲ್ಲಿ ಈ ಕೆಲಸ ಇಟ್ಟುಕೊಂಡರೆ ಫಿಲ್ಮ್ ಆಮೇಲೆ ಸುಕ್ಕುಗಟ್ಟುವುದೂ ಕಡಿಮೆ.

ಎಡ ಬಲಗಳ ತೂಕದ ಅಂತರ ಇನ್ನೂ ಉಳಿದಿದೆಯಲ್ಲ, ಎರಡೂ ರೆಕ್ಕೆಗಳನ್ನು ಜೋಡಿಸಿ, ಪ್ರೊಪೆಲ್ಲರ್ ಶಾಫ್ಟ್ ಮತ್ತು ಬಾಲದ ತುದಿಗೆ ದಾರ ಕಟ್ಟಿ ವಿಮಾನವನ್ನು ತೂಗುಹಾಕಿ ನೋಡಿ. ಬಲಕ್ಕೆ ವಾಲಿದರೆ ಎಡ ತುದಿಯ ಮರದ ತುಂಡಿನೊಳಗೆ ಸೀಸದ ಚೂರು ಸೇರಿಸಿ. ತುದಿಯಲ್ಲಾದ್ದರಿಂದ ಆ ಅಂತರದ ಸುಮಾರು ಅರ್ಧದಷ್ಟು, 25 ಗ್ರಾಂ ಆಸುಪಾಸು ಸಾಕಾಗುತ್ತದೆ.